ಎಣ್ಣೆ ಹಚ್ಚೋದು ಅರ್ಧ ದಿನದ ಕೆಲಸ: ಮರದ ಡೆಕ್ ಕಾಂಟ್ರಾಕ್ಟ್ ಹಿಡಿಯುವವರಿಗೆ

ದಾವಣಗೆರೆಯ ವಿದ್ಯಾನಗರದ ಕಡೆ ಒಂದು ಮನೆಗೆ ಕರೆದಿದ್ದರು. ಟೆರೇಸ್ ಮೇಲೆ ಸಾಗುವಾನಿ ಹಲಗೆ ಹಾಸಿದ ನೆಲ, ಅಂದರೆ ಡೆಕ್, 12 ಅಡಿಗೆ 15 ಅಡಿ. ಹಿಂದೆ ಯಾರೋ ಅದರ ಮೇಲೆ ವಾರ್ನಿಶ್ ಹೊಡೆದು ಹೋಗಿದ್ದರು. ಒಂದು ಬೇಸಿಗೆ, ಒಂದು ಮಳೆಗಾಲ ಕಳೆದಿದ್ದೇ ತಡ, ಅದು ಸುಟ್ಟ ಹಪ್ಪಳದ ಹಾಗೆ ಎದ್ದು ನಿಂತಿತ್ತು. ಉಗುರು ಹಾಕಿ ಎತ್ತಿದರೆ ಅಂಗೈ ಅಗಲದ ಚಕ್ಕೆ ಬರುತ್ತಿತ್ತು.

"ಮತ್ತೊಂದು ಕೋಟ್ ಹೊಡೆದುಬಿಡ್ರಿ, ಎಷ್ಟಾಗುತ್ತೆ ಹೇಳ್ರಿ" ಅಂದರು ಯಜಮಾನರು.

"ಸಾರ್, ಹೊಡೆಯೋದಕ್ಕೆ ಅರ್ಧ ದಿನ ಸಾಕು. ಇದನ್ನ ಕೀಳೋದಕ್ಕೆ, ಒಣಗಿಸೋದಕ್ಕೆ ಒಂದು ವಾರ ಬೇಕು" ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. ಹೆಚ್ಚು ದುಡ್ಡು ಕೇಳೋಕೆ ಏನೋ ಕಥೆ ಹೇಳ್ತಿದಾನೆ ಅಂತ ಮುಖದಲ್ಲೇ ಕಾಣುತ್ತಿತ್ತು.

ಬಾಗಿಲು, ಕಿಟಕಿಗೆ ಪಾಲಿಶ್ ಮಾಡುವ ನಮ್ಮ ಹುಡುಗರಿಗೆ ಈಗ ಇಂಥ ಕೆಲಸ ಜಾಸ್ತಿ ಬರುತ್ತಿದೆ. ಹೊಸ ಮನೆಗಳ ಟೆರೇಸ್, ಹೊಲದ ಮನೆಗಳ ಸಿಟೌಟ್, ಹೆದ್ದಾರಿ ಪಕ್ಕದ ಹೋಟೆಲ್ ಅಂಗಳ, ಎಲ್ಲ ಕಡೆ ಡೆಕ್ ಕಾಣುತ್ತದೆ. ಆದರೆ ಬಾಗಿಲಿನ ಲೆಕ್ಕ ಬೇರೆ, ಡೆಕ್ಕಿನ ಲೆಕ್ಕ ಬೇರೆ. ಬಾಗಿಲು ನೆಟ್ಟಗೆ ನಿಂತಿರುತ್ತದೆ, ನೀರು ಜಾರಿ ಹೋಗುತ್ತದೆ. ಡೆಕ್ ಮಲಗಿರುತ್ತದೆ. ಬಿಸಿಲು, ಮಳೆ, ಚಪ್ಪಲಿ ಎಲ್ಲವೂ ಅದರ ಬೆನ್ನ ಮೇಲೇ.

ರೇಟ್ ಹೇಳುವ ಮುಂಚೆ

ಫೋನಿನಲ್ಲಿ ರೇಟ್ ಹೇಳಬೇಡಿ. ಹೋಗಿ ನೋಡಿ. ಮೊದಲು ಅದು ಮರವೇ ಹೌದಾ ಅಂತ ಖಾತ್ರಿ ಮಾಡಿಕೊಳ್ಳಿ. ನಗಬೇಡಿ. ಮರದ ಪುಡಿ, ಪ್ಲಾಸ್ಟಿಕ್ ಕಲಸಿ ಮಾಡಿದ ಡಬ್ಲ್ಯೂಪಿಸಿ ಹಲಗೆಯನ್ನು ಮರ ಅಂತಲೇ ನಂಬಿರುವ ಮನೆಯವರು ಬೇಕಾದಷ್ಟು ಮಂದಿ ಇದ್ದಾರೆ. ಹಲಗೆಯ ಕೊಯ್ದ ತುದಿ ನೋಡಿ. ಮರವಾದರೆ ಉಂಗುರ, ಸಣ್ಣ ರಂಧ್ರ ಕಾಣುತ್ತವೆ. ಡಬ್ಲ್ಯೂಪಿಸಿ ಆದರೆ ಒಂದೇ ಸಮನೆ ಹಿಟ್ಟಿನ ಹಾಗೆ, ಇಲ್ಲವೇ ಪೈಪಿನ ಹಾಗೆ ಒಳಗೆ ಟೊಳ್ಳು ಇರುತ್ತದೆ. ಅದು ಎಣ್ಣೆ ಕುಡಿಯುವುದಿಲ್ಲ. ಸೋಪು ನೀರು ಹಾಕಿ ತೊಳೆದುಕೊಟ್ಟು ಬನ್ನಿ.

ಮರವೇ ಆದರೆ ನಾಲ್ಕೈದು ಕಡೆ ನೀರಿನ ಹನಿ ಹಾಕಿ. ಬಾಟಲಿ ಮುಚ್ಚಳದಲ್ಲಿ ಹಾಕಿದರೂ ಸಾಕು. ಒಂದು ನಿಮಿಷದೊಳಗೆ ಮರ ನೀರು ಹೀರಿಕೊಂಡು ಕಪ್ಪಾದರೆ, ಹಳೇ ಕೋಟ್ ಸತ್ತಿದೆ, ತೊಳೆದರೆ ಸಾಕು. ಕೆಸುವಿನ ಎಲೆ ಮೇಲಿನ ಹನಿಯ ಹಾಗೆ ಗುಂಡಗೆ ನಿಂತರೆ ಹಳೇ ಕೋಟ್ ಇನ್ನೂ ಕೂತಿದೆ, ಅದನ್ನು ಕೀಳಬೇಕು. ಈ ಎರಡಕ್ಕೂ ಕೂಲಿಯಲ್ಲಿ ಹತ್ತಿರ ಹತ್ತಿರ ದುಪ್ಪಟ್ಟು ವ್ಯತ್ಯಾಸ ಬರುತ್ತದೆ. ಒಂದೇ ಡೆಕ್ಕಿನಲ್ಲಿ ಓಡಾಡುವ ಜಾಗ ಹೀರಿಕೊಂಡು, ಕುರ್ಚಿ ಕೆಳಗಿನ ಜಾಗ ಹೀರದೇ ಇರುವುದೂ ಉಂಟು. ಆಗ ಕೀಳುವ ಲೆಕ್ಕವೇ ಹಿಡಿಯಿರಿ.

ಆಮೇಲೆ ಸ್ಕ್ರೂ ಡ್ರೈವರ್ ತುದಿಯಿಂದ ಹಲಗೆಯ ಕೊನೆ, ಸ್ಕ್ರೂ ಸುತ್ತಮುತ್ತ, ಹಲಗೆ ಕೂರಿಸಿದ ಕೆಳಗಿನ ಮರದ ಪಟ್ಟಿ (ರೀಪರ್) ಒತ್ತಿ ನೋಡಿ. ಮೆತ್ತಗೆ ಒಳಗೆ ಹೋದರೆ ಕೊಳೆತಿದೆ, ಇಲ್ಲ ಗೆದ್ದಲು ತಿಂದಿದೆ. ಅಂಥ ಹಲಗೆ ಬದಲಾಯಿಸುವುದು ಬಡಗಿ ಕೆಲಸ, ಅದನ್ನು ಬೇರೆ ಬರೆಯಿರಿ. ಕಬ್ಬಿಣದ ಮೊಳೆ ಇದ್ದರೆ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿಸಿಕೊಳ್ಳಲು ಹೇಳಿ. ಯಾಕೆ ಅಂತ ಮುಂದೆ ಬರುತ್ತದೆ.

ಅಳತೆಯಲ್ಲಿ ಮೋಸ ಹೋಗುವುದು ಕಟಾಂಜನದಲ್ಲಿ. ನೆಲ 180 ಚದರ ಅಡಿ ಅಂತ ಲೆಕ್ಕ ಹಾಕಿ, ಸುತ್ತಲಿನ ಕಟಾಂಜನಕ್ಕೆ ಸುಮ್ನೆ "ಅದೂ ಸೇರಿಸಿ" ಅಂದುಬಿಟ್ಟರೆ ಮುಗಿಯಿತು. ಒಂದೊಂದು ಕಂಬಿಗೂ ನಾಲ್ಕು ಮುಖ. ನೆಲಕ್ಕಿಂತ ಅದೇ ಹೆಚ್ಚು ಹೊತ್ತು ತಿನ್ನುತ್ತದೆ. ನಾನು ಅದನ್ನು ಉದ್ದಡಿ ಲೆಕ್ಕದಲ್ಲಿ ಪ್ರತ್ಯೇಕ ಬರೆಯುತ್ತೇನೆ.

ಕೊನೆಗೆ ಒಂದು ಮೂಲೆಯಲ್ಲಿ ಒಂದಡಿ ಜಾಗದಲ್ಲಿ ಪೂರಾ ಕೆಲಸ ಮಾಡಿ ತೋರಿಸಿ. ಕಿತ್ತು, ತೊಳೆದು, ಎರಡು ದಿನ ಬಿಟ್ಟು ಬಂದು ಎಣ್ಣೆ ಹಚ್ಚಿ. ಬಣ್ಣ ಹೇಗೆ ಬರುತ್ತದೆ ಅಂತ ಮನೆಯವರು ಕಣ್ಣಾರೆ ನೋಡಲಿ. ಒಪ್ಪಿದ ಮೇಲೆ ಚೀಟಿಯಲ್ಲಿ ಹಂತ ಹಂತವಾಗಿ ಬರೆದುಕೊಡಿ: ಕೀಳುವುದು, ಒಣಗಲು ಬಿಡುವುದು, ಉಜ್ಜುವುದು, ಎಣ್ಣೆ. "ಒಣಗಲು ಬಿಡುವುದು" ಅಂತ ಒಂದು ಸಾಲು ಇರಲೇಬೇಕು. ಇಲ್ಲದಿದ್ದರೆ ಮೂರನೇ ದಿನ ಫೋನ್ ಬರುತ್ತದೆ, "ಹುಡುಗರು ಬಂದೇ ಇಲ್ವಲ್ಲ?" ಅಂತ. ದುಡ್ಡೂ ಹಾಗೇ. ಸಾಮಾನಿನದು ಮೊದಲು, ಕಿತ್ತು ತೊಳೆದ ಮೇಲೆ ಅರ್ಧ ಕೂಲಿ, ಉಳಿದದ್ದು ಕೊನೆಗೆ.

ಯಾವ ತಿಂಗಳು

ನಮ್ಮ ಕಡೆ ಇದಕ್ಕೆ ಒಳ್ಳೇ ಕಾಲ ದೀಪಾವಳಿ ಕಳೆದ ಮೇಲಿಂದ ಶಿವರಾತ್ರಿವರೆಗೆ. ಬಿಸಿಲು ಹದ, ಮಳೆ ಇಲ್ಲ, ಗಾಳಿ ಕಮ್ಮಿ. ಯುಗಾದಿ ಹತ್ತಿರ ಬಂದರೆ ಎಲ್ಲರಿಗೂ ಅವಸರ, ನಮಗೂ ಬಾಗಿಲು ಪಾಲಿಶ್ ಕೆಲಸ ಕೈತುಂಬ. ಏಪ್ರಿಲ್‌ನಲ್ಲಿ ಉಷ್ಣಾಂಶ 40 ಡಿಗ್ರಿ ಹತ್ತಿರ ಹೋದಾಗ ಡೆಕ್ ಮೇಲೆ ಕಾಲಿಡಕ್ಕಾಗಲ್ಲ. ಎಣ್ಣೆ ಮರದೊಳಗೆ ಇಳಿಯುವ ಮುಂಚೆ ಮೇಲೇ ಕೆನೆ ಕಟ್ಟುತ್ತದೆ. ಆಗಲೇ ಮಾಡಬೇಕು ಅಂದರೆ ಬೆಳಗ್ಗೆ 6ಕ್ಕೆ ಶುರು ಮಾಡಿ 9ಕ್ಕೆ ನಿಲ್ಲಿಸಿ. ಅಂಗೈಯನ್ನು ಹಲಗೆ ಮೇಲಿಟ್ಟು ಹತ್ತು ಎಣಿಸಿ. ತಡೆಯಲಾಗದೆ ಕೈ ತೆಗೆದರೆ ಎಣ್ಣೆ ಡಬ್ಬಿ ತೆಗೆಯಬೇಡಿ.

ಆಷಾಢದಲ್ಲಂತೂ ಬೇಡವೇ ಬೇಡ. ಚಿತ್ರದುರ್ಗದ ಕಡೆ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಅಲ್ಲೊಂದು ತೋಟದ ಮನೆಯಲ್ಲಿ ಮಧ್ಯಾಹ್ನ ಎಣ್ಣೆ ಹಚ್ಚಿ ಊಟಕ್ಕೆ ಕೂತೆವು. ಎದ್ದು ಬಂದು ನೋಡಿದರೆ ಕೆಂಪು ಮಣ್ಣಿನ ಧೂಳು ಉಪ್ಪುಕಾಗದ ಅಂಟಿಸಿದ ಹಾಗೆ ಕೂತಿತ್ತು. ಪೂರಾ ಉಜ್ಜಿ ಮತ್ತೆ ಮಾಡಿದೆವು, ನಮ್ಮ ಖರ್ಚಿನಲ್ಲೇ.

ಮೊದಲ ದಿನ: ತೊಳೆಯುವುದು ಅಥವಾ ಕೀಳುವುದು

ಕುಂಡ, ಕುರ್ಚಿ ಎಲ್ಲ ಇಳಿಸಿ. ಎತ್ತಲಾಗದ ಗಿಡಗಳಿಗೆ, ಮುಖ್ಯವಾಗಿ ತುಳಸಿ ಕಟ್ಟೆಗೆ, ಮೊದಲು ನೀರು ಹಾಕಿ ಆಮೇಲೆ ಪ್ಲಾಸ್ಟಿಕ್ ಹೊದಿಸಿ. ಟೆರೇಸ್ ನೀರು ಇಂಗುಗುಂಡಿಗೋ ಸಂಪಿಗೋ ಹೋಗುತ್ತಿದ್ದರೆ ಆ ಪೈಪ್ ಮುಚ್ಚಿ, ನೀರನ್ನು ಚರಂಡಿ ಕಡೆ ತಿರುಗಿಸಿ. ಮಳೆನೀರು ಇಂಗಿಸುವ ಮನೆಗಳು ನಮ್ಮ ಕಡೆ ಹೆಚ್ಚಾಗಿವೆ. ಹಳೇ ಕೋಟ್ ಕೀಳಲು ಬಳಸುವ ಕಾಸ್ಟಿಕ್ ಸೋಡಾ ನೀರು ಬೋರ್‌ವೆಲ್ ಪಕ್ಕದ ಗುಂಡಿಗೆ ಇಳಿದರೆ ಯಾರಿಗೆ ಹೇಳೋಣ?

ಹಲಗೆ ನಡುವಿನ ಸಂದುಗಳನ್ನು ಹ್ಯಾಕ್ಸಾ ಬ್ಲೇಡ್ ಹಾಕಿ ಕೆದಕಿ. ಐದಾರು ಮಿಲಿಮೀಟರ್ ಸಂದು ಬಿಟ್ಟಿರುವುದೇ ನೀರು ಇಳಿಯಲಿ, ಮರ ಉಬ್ಬಲಿ ಅಂತ. ಅದರಲ್ಲಿ ಎಲೆ, ಧೂಳು, ಮಂಡಕ್ಕಿ ಭಟ್ಟಿ ಹತ್ತಿರದ ಬಡಾವಣೆಯಾದರೆ ಮಸಿ, ಎಲ್ಲ ಸೇರಿ ಗಟ್ಟಿಯಾಗಿರುತ್ತದೆ. ಮಳೆಗಾಲ ಮುಗಿದರೂ ಅಲ್ಲಿ ತೇವ ಆರುವುದಿಲ್ಲ. ಹಲಗೆ ಅಂಚಿನಿಂದ ಕೊಳೆಯುವುದು ಇದರಿಂದಲೇ.

ಹನಿ ಹೀರಿಕೊಳ್ಳುವ, ಬರೀ ಬೂದು ಬಣ್ಣಕ್ಕೆ ತಿರುಗಿದ ಮರಕ್ಕೆ ಸೋಡಿಯಂ ಪರ್ಕಾರ್ಬೊನೇಟ್ ಸಾಕು. ಬಟ್ಟೆ ಕಲೆ ತೆಗೆಯುವ ಕೆಲವು ಪುಡಿಗಳಲ್ಲಿ ಇರುವುದೂ ಇದೇ. ಒಂದು ಲೀಟರ್ ಬೆಚ್ಚಗಿನ ನೀರಿಗೆ 50-60 ಗ್ರಾಂ ಹಾಕಿ ಕಲಸಿದರೆ ಬುರುಗು ಬರುತ್ತದೆ. ಹಲಗೆ ನೆನೆಸಿ ಇದನ್ನು ಸುರಿದು, 15-20 ನಿಮಿಷ ಒಣಗದ ಹಾಗೆ ನೋಡಿಕೊಂಡು, ನೈಲಾನ್ ಬ್ರಶ್‌ನಿಂದ ಮರದ ನಾರಿನ ಉದ್ದಕ್ಕೆ ಉಜ್ಜಿ. ಬೂದು ಬಣ್ಣ ಬರುವುದು ಬಿಸಿಲಿಗೆ ಮರದ ಮೇಲ್ಪದರ ಸತ್ತು ಹೋಗುವುದರಿಂದ. ಆ ಸತ್ತ ನಾರು ಕಿತ್ತು ಬಂದು ಹೊಳೆಯಂತೆ ಕಂದು ನೀರು ಹರಿಯುತ್ತದೆ. ಉಳಿದ ದ್ರಾವಣವನ್ನು ಬಿಗಿ ಮುಚ್ಚಳದ ಕ್ಯಾನಿನಲ್ಲಿ ತುಂಬಿಡಬೇಡಿ. ಗಾಳಿ ತುಂಬಿ ಕ್ಯಾನ್ ಒಡೆಯುತ್ತದೆ. ಬೇಕಾದಷ್ಟೇ ಕಲಸಿ.

ಬಾತ್‌ರೂಮಿಗೆ ಹಾಕುವ ಬ್ಲೀಚ್ ತರಬೇಡಿ. ಬೆಳ್ಳಗೆ ಕಾಣುತ್ತದೆ ನಿಜ, ಆದರೆ ನಾರು ಹಿಂಜಿದ ಹತ್ತಿಯ ಹಾಗೆ ಎದ್ದು ಬರುತ್ತದೆ. ಅದಕ್ಕೆ ಆಸಿಡ್ ತಾಗಿದರೆ ಕ್ಲೋರಿನ್ ಗಾಳಿ ಏಳುತ್ತದೆ. ಜೀವಕ್ಕೇ ಅಪಾಯ.

ಕೋಟ್ ಇನ್ನೂ ಕೂತಿದ್ದರೆ ಮೇಲಿನದೆಲ್ಲ ಬೇಡ, ನೇರವಾಗಿ ಕಾಸ್ಟಿಕ್. ಲೀಟರ್ ನೀರಿಗೆ 40 ಗ್ರಾಂ ಕಾಸ್ಟಿಕ್ ಸೋಡಾ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮೊದಲು ತಣ್ಣೀರು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಸೋಡಾ. ಉಲ್ಟಾ ಮಾಡಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡ, ಅದನ್ನು ಕಾಸ್ಟಿಕ್ ತಿನ್ನುತ್ತದೆ, ಹೈಡ್ರೋಜನ್ ಗಾಳಿ ಬಿಡುತ್ತದೆ. ಪಕ್ಕದಲ್ಲಿ ಅಲ್ಯೂಮಿನಿಯಂ ಸ್ಲೈಡಿಂಗ್ ಬಾಗಿಲು ಇದ್ದರೆ ಅದಕ್ಕೂ ಪ್ಲಾಸ್ಟಿಕ್ ಅಂಟಿಸಿ. ಉದ್ದ ರಬ್ಬರ್ ಗ್ಲೌಸ್, ಗಮ್‌ಬೂಟ್, ಕನ್ನಡಕ ಇಲ್ಲದ ಹುಡುಗನನ್ನು ಡೆಕ್ ಮೇಲೆ ಬಿಡಬೇಡಿ. "ಏನಾಗಲ್ಲ ಅಣ್ಣಾ" ಅಂತಾರೆ, ಬಿಡಬೇಡಿ. ಮೈಗೆ ತಾಗಿದರೆ ಕಾಲು ಗಂಟೆ ನೀರು ಸುರಿಯುತ್ತಲೇ ಇರಬೇಕು. ಕಣ್ಣಿಗೆ ಬಿದ್ದರೆ ತೊಳೆಯುತ್ತಲೇ ಆಸ್ಪತ್ರೆಗೆ ಹೊರಡಿ.

ಒಣ ಹಲಗೆ ಮೇಲೆ ದ್ರಾವಣ ಸವರಿ 15-20 ನಿಮಿಷ ಬಿಡಿ. ಒಣಗಲು ಬಂದರೆ ಸ್ವಲ್ಪ ನೀರು ಸಿಂಪಡಿಸಿ. ಹಳೇ ಎಣ್ಣೆ, ವಾರ್ನಿಶ್ ಕೆಸರಾಗಿ ಮೇಲೆ ಬರುತ್ತದೆ. ನೈಲಾನ್ ಬ್ರಶ್‌ನಿಂದ ಉಜ್ಜಿ, ತೊಳೆಯಿರಿ. ಕಂಬ, ಬಾಗಿಲಿನಂಥ ನಿಂತ ಮರಕ್ಕೆ ಇದರಲ್ಲೇ ಗಂಜಿ ಬೆರೆಸಿ ಮಂದ ಮಾಡಿದರೆ ಜಾರುವುದಿಲ್ಲ. ಎರಡು ಡಬ್ಬಿ ಕಲಸಿ ಹೊಡೆಯುವ ಪಿಯು (ಪಾಲಿಯುರೆಥೇನ್) ಕೋಟ್ ಮಾತ್ರ ಕಾಸ್ಟಿಕ್‌ಗೆ ಜಗ್ಗುವುದಿಲ್ಲ. ಅದನ್ನು ಮಷೀನಿನಿಂದಲೇ ಉಜ್ಜಿ ತೆಗೆಯಬೇಕು, ರೇಟೂ ಅದಕ್ಕೆ ತಕ್ಕ ಹಾಗೆ.

ತಂತಿ ಬ್ರಶ್ ಮುಟ್ಟಲೇಬೇಡಿ. ಅದರಿಂದ ಉದುರುವ ಕಬ್ಬಿಣದ ಚೂರು ನಾರಿನೊಳಗೆ ಕೂತು, ಮೊದಲ ಮಳೆಗೆ ಡೆಕ್ ತುಂಬ ಕರಿ ಚುಕ್ಕೆ ಏಳುತ್ತದೆ. ಚನ್ನಗಿರಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಸಿ ಅಡಿಕೆಯ ಚೊಗರು ಕಬ್ಬಿಣದ ಕತ್ತಿಗೆ ತಾಗಿದರೆ ಕಪ್ಪಾಗುತ್ತದಲ್ಲ, ಅದೇ ಸಂಗತಿ. ಮರದಲ್ಲೂ ಆ ಒಗರು ಇರುತ್ತದೆ. ಮತ್ತಿ, ಜಾಲಿಯಲ್ಲಿ ಹೆಚ್ಚು, ಸಾಗುವಾನಿಯಲ್ಲಿ ಕಡಿಮೆ. ಕಬ್ಬಿಣದ ಮೊಳೆ ಬೇಡ ಅಂದದ್ದು ಇದಕ್ಕೇ.

ಪ್ರೆಶರ್ ವಾಷರ್ ಬಗ್ಗೆ ಒಂದು ಮಾತು. ಕಾರು ತೊಳೆಯುವ ಮಷೀನಿನ ನೀರಿನ ಒತ್ತಡ 100 ಬಾರ್‌ಗಿಂತ (ಬಾರ್ ಅಂದರೆ ಒತ್ತಡದ ಅಳತೆ) ಮೇಲೆ ಹೋಗುತ್ತದೆ. ಸಾಗುವಾನಿಗೆ 60-80 ಬಾರ್ ಮೇಲೆ ಬೇಡ, ಪೈನ್ ಮರಕ್ಕೆ 40 ಸಾಕು. ಬೀಸಣಿಗೆ ಹಾಗೆ ಅಗಲಕ್ಕೆ ಹರಡುವ ಮೂತಿ ಹಾಕಿ, ಒಂದಡಿ ದೂರ ಹಿಡಿದು, ನಾರಿನ ಉದ್ದಕ್ಕೆ ಒಂದೇ ವೇಗದಲ್ಲಿ ಎಳೆಯಿರಿ. ಹತ್ತಿರ ಹಿಡಿದು ಒಂದು ಕಡೆ ನಿಂತರೆ ನೀರೇ ಉಳಿಯಾಗುತ್ತದೆ. ಹಾಗೆ ಬಿದ್ದ ಗೀರು ಎಣ್ಣೆ ಹಚ್ಚಿದ ಮೇಲೆ ಇನ್ನೂ ಚೆನ್ನಾಗಿ ಕಾಣುತ್ತದೆ! ಹೊಸ ಹುಡುಗರ ಕೈಗೆ ನಾನು ಮಷೀನ್ ಕೊಡುವುದಿಲ್ಲ, ಬ್ರಶ್ ಮತ್ತು ಪೈಪ್ ಕೊಡುತ್ತೇನೆ.

ಅದೇ ದಿನ ಸಂಜೆ: ಆಸಿಡ್

ಕಾಸ್ಟಿಕ್ ತೊಳೆದ ಮೇಲೆ ಮರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿರುತ್ತದೆ. ಮೊದಲ ಸಲ ನೋಡಿದವರು ಹೆದರುತ್ತಾರೆ. ನಾನೂ ಹೆದರಿದ್ದೆ. ಶುರುವಿನಲ್ಲಿ ಒಂದು ಹಳೇ ಮನೆಯ ಹೆಬ್ಬಾಗಿಲಿಗೆ ಕಾಸ್ಟಿಕ್ ಹಾಕಿ, ಬರೀ ನೀರಲ್ಲಿ ತೊಳೆದು, ಮೇಲೆ ಪಾಲಿಶ್ ಎಳೆದಿದ್ದೆ. ಬಾಗಿಲು ಕಪ್ಪಾಗೇ ಉಳಿಯಿತು, ಮೇಲಿನ ಪಾಲಿಶ್ ತಿಂಗಳೊಳಗೆ ಅಂಟಂಟಾಗಿ ಎದ್ದಿತು. ಒಳಗೆ ಉಳಿದ ಕಾಸ್ಟಿಕ್ ಹೊಸ ಕೋಟನ್ನೂ ತಿನ್ನುತ್ತದೆ ಅನ್ನುವುದು ಆಗ ಗೊತ್ತಿರಲಿಲ್ಲ.

ಅದಕ್ಕೆ ಮದ್ದು ಆಕ್ಸಾಲಿಕ್ ಆಸಿಡ್. ಕೆಮಿಕಲ್ ಅಂಗಡಿಯಲ್ಲಿ ಬಿಳಿ ಹರಳಿನ ರೂಪದಲ್ಲಿ ಸಿಗುತ್ತದೆ. ಲೀಟರ್ ಬೆಚ್ಚಗಿನ ನೀರಿಗೆ 30 ಗ್ರಾಂ. ಹಸಿ ಹಲಗೆ ಮೇಲೆಯೇ ಸವರಿ 10-15 ನಿಮಿಷ ಬಿಡಿ. ನೋಡ ನೋಡುತ್ತ ಕಪ್ಪು ಇಳಿದು ಹೊಸ ಮರದ ಜೇನು ಬಣ್ಣ ಹೊರಗೆ ಬರುತ್ತದೆ. ಇಡೀ ಕೆಲಸದಲ್ಲಿ ನನಗೆ ಇಷ್ಟವಾದ ಗಳಿಗೆ ಇದೇ. ಮನೆಯವರನ್ನು ಆಗಲೇ ಮೇಲೆ ಕರೆಯಿರಿ, ಅನುಮಾನ ಅಲ್ಲಿಗೆ ಹೋಗುತ್ತದೆ. ಮೊಳೆ ಸುತ್ತಲಿನ ಕರಿ ಕಲೆಯೂ ಇದರಲ್ಲೇ ಹೋಗುತ್ತದೆ. ಕಲೆ ಇಲ್ಲದ ಮರವಾದರೆ ಅಡುಗೆಗೆ ಬಳಸುವ ನಿಂಬೆ ಉಪ್ಪು ಕೂಡ ಕಾಸ್ಟಿಕ್ ಮುರಿಯಲು ಸಾಕು. ಆಕ್ಸಾಲಿಕ್ ಮಾತ್ರ ವಿಷ. ಹರಳಿನ ಧೂಳು ಮೂಗಿಗೆ ಹೋಗಬಾರದು. ಮಕ್ಕಳು ಸಕ್ಕರೆ ಅಂದುಕೊಳ್ಳುವ ಹಾಗಿರುತ್ತದೆ, ಚೀಲ ಬಿಚ್ಚಿಟ್ಟು ಚಹಾಕ್ಕೆ ಹೋಗಬೇಡಿ.

ಕೊನೆಗೆ ಧಾರಾಳ ನೀರಿನಲ್ಲಿ ತೊಳೆಯಿರಿ. ನಮ್ಮ ಬೋರ್ ನೀರು ಗಡಸು. ಒಣಗಿದ ಮೇಲೆ ಬಿಳಿ ಪದರ ಬಿಡುತ್ತದೆ. ಕೊನೇ ಸುತ್ತಿಗಾದರೂ ನಲ್ಲಿ ನೀರು ಬಳಸಿ. ಕಾಸ್ಟಿಕ್, ಆಸಿಡ್ ಉಳಿದಿದೆಯಾ ಅಂತ ತೋರಿಸುವ ಪಿಎಚ್ ಕಾಗದವನ್ನು ಹಸಿ ಹಲಗೆಗೆ ಒತ್ತಿ ನೋಡಿ. 6ರಿಂದ 7ರ ನಡುವೆ ಬಂದರೆ ಮನೆಗೆ ಹೊರಡಿ.

ಎರಡನೇ, ಮೂರನೇ ದಿನ

ಏನೂ ಮಾಡಬೇಡಿ.

ಇದೇ ಕಷ್ಟದ ಹಂತ. ನಮ್ಮ ಒಣ ಹವೆಯಲ್ಲಿ ಮಧ್ಯಾಹ್ನದೊಳಗೆ ಹಲಗೆ ಒಣಗಿದ ಹಾಗೆ ಕಾಣುತ್ತದೆ. ಮೇಲೆ ಮಾತ್ರ. ಒಳಗೆ ನೀರಿರುವಾಗ ಎಣ್ಣೆ ಇಳಿಯುವುದಿಲ್ಲ. ಕನಿಷ್ಠ 48 ಗಂಟೆ, ಮೋಡ ಇದ್ದರೆ ಇನ್ನೊಂದು ದಿನ. ಎರಡು ಮುಳ್ಳು ಚುಚ್ಚಿ ನೋಡುವ ತೇವಾಂಶ ಮೀಟರ್ ಒಂದು ಇಟ್ಟುಕೊಳ್ಳಿ. 15 ಪರ್ಸೆಂಟ್‌ಗಿಂತ ಕಡಿಮೆ ತೋರಿಸಬೇಕು. ಬಿಸಿಲಿಗೆ ಬಿದ್ದ ಹಲಗೆ ಮಾತ್ರವಲ್ಲ, ಟ್ಯಾಂಕಿನ ನೆರಳಲ್ಲಿರುವ ಹಲಗೆಗೂ ಚುಚ್ಚಿ. ಯಜಮಾನರಿಗೆ ಆ ಅಂಕಿ ತೋರಿಸಿದರೆ ನೂರು ಮಾತು ಉಳಿಯುತ್ತದೆ.

ಉಜ್ಜುವುದು

ಬಾಗಿಲು ಕೆಲಸದ ರೂಢಿಯಲ್ಲಿ ನಮ್ಮವರು ಇಲ್ಲಿ ತಪ್ಪುತ್ತಾರೆ. ಕನ್ನಡಿ ಹಾಗೆ ನುಣುಪು ಮಾಡಲು ಹೋಗುತ್ತಾರೆ. ಡೆಕ್ಕಿಗೆ 60 ನಂಬರ್ ಉಪ್ಪುಕಾಗದ, ಆಮೇಲೆ 80. ಅಲ್ಲಿಗೆ ನಿಲ್ಲಿಸಿ. ಇನ್ನೂ ನುಣುಪಾದರೆ ಮರದ ಬಾಯಿ ಮುಚ್ಚಿ ಎಣ್ಣೆ ಇಳಿಯುವುದಿಲ್ಲ, ಮಳೆಯಲ್ಲಿ ಕಾಲೂ ಜಾರುತ್ತದೆ. ಉಜ್ಜುವ ಮುಂಚೆ ಸ್ಕ್ರೂ ತಲೆಗಳು ಒಳಗಿವೆಯಾ ಕೈಯಾಡಿಸಿ ನೋಡಿ, ಇಲ್ಲದಿದ್ದರೆ ಡಿಸ್ಕು ಹರಿದು ಹೋಗುತ್ತದೆ. ಧೂಳನ್ನು ಬ್ಲೋವರ್ ಇಲ್ಲ ವ್ಯಾಕ್ಯೂಮ್‌ನಿಂದ ತೆಗೆಯಿರಿ, ಒದ್ದೆ ಬಟ್ಟೆ ಬೇಡ.

ಹಳೇ ಮನೆಯ ಪೇಂಟ್ ಹೊಡೆದ ಕಂಬ, ಬಾಗಿಲು ಸಿಕ್ಕರೆ ಒಣ ಉಜ್ಜುವುದೇ ಬೇಡ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ದಾಟಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದಿದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣದ ಪುಡಿ ನಮ್ಮ ಎದೆಗೂ ಆ ಮನೆಯ ಮಕ್ಕಳ ಬಾಯಿಗೂ ಹೋಗುತ್ತದೆ. ಒದ್ದೆ ಮಾಡಿಯೇ ಕೀಳಿ, ಚಕ್ಕೆ ಎಲ್ಲ ಚೀಲಕ್ಕೆ ತುಂಬಿ.

ಎಣ್ಣೆ

ಡೆಕ್ಕಿನ ನೆಲಕ್ಕೆ ಮೇಲೆ ಪದರ ಕಟ್ಟುವ ಯಾವುದೂ ಬೇಡ. ವಾರ್ನಿಶ್, ಪಿಯು, ಮೆಲಮೈನ್, ಎಲ್ಲವೂ ಒಂದು ಬಿರುಕು ಬಿಟ್ಟರೆ ನೀರು ಒಳಗೆ ಹೋಗಿ ಹಪ್ಪಳ ಏಳುತ್ತದೆ. ಮೆಲಮೈನ್ ಇರುವುದೇ ಮನೆ ಒಳಗಿನ ಕೆಲಸಕ್ಕೆ. ಮರದೊಳಗೆ ಇಳಿಯುವ ಡೆಕ್ ಎಣ್ಣೆ ತನ್ನಿ. ಡಬ್ಬಿ ಮೇಲೆ ಟೀಕ್ ಆಯಿಲ್ ಅಂತ ಇದ್ದರೆ ಸಾಗುವಾನಿಯಿಂದ ಹಿಂಡಿದ ಎಣ್ಣೆ ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ಅದು ಅಗಸೆ ಎಣ್ಣೆಯಂಥ ಎಣ್ಣೆಗೆ ರಾಳ, ಥಿನ್ನರ್ ಸೇರಿಸಿದ್ದು. ಗಾಣದ ಹಸಿ ಅಗಸೆ ಎಣ್ಣೆ ಅಗ್ಗ ಅಂತ ಹಚ್ಚಿದರೆ ವಾರಗಟ್ಟಲೆ ಒಣಗದೆ ಧೂಳು ಹಿಡಿದು ಬೂಸ್ಟು ಬರುತ್ತದೆ.

ಬಣ್ಣವಿಲ್ಲದ ಎಣ್ಣೆ ಕೇಳುವವರೇ ಹೆಚ್ಚು. ಕೊಡಿ, ಆದರೆ ಕೆಲವೇ ತಿಂಗಳಲ್ಲಿ ಮತ್ತೆ ಬೂದಾಗುತ್ತದೆ ಅಂತ ಮೊದಲೇ ಹೇಳಿ. ಬಿಸಿಲನ್ನು ತಡೆಯುವುದು ಎಣ್ಣೆಯಲ್ಲಿರುವ ಬಣ್ಣದ ಪುಡಿ. ತೆಳು ಕಂದು ಬಣ್ಣಕ್ಕೆ ಒಪ್ಪಿಸಿ. ಹಳೇ ಮರಕ್ಕೆ ಒಂದು ಲೀಟರ್ ಸುಮಾರು 60 ಚದರ ಅಡಿ ಬರುತ್ತದೆ ಅಂತ ಹಿಡಿಯಿರಿ. ಆ ವಿದ್ಯಾನಗರದ 180 ಅಡಿಗೆ ಮೂರು ಲೀಟರ್ ಹಿಡಿಯಿತು. ಎಲ್ಲ ಡಬ್ಬಿಗಳನ್ನೂ ಒಂದೇ ಬಕೆಟ್ಟಿಗೆ ಸುರಿದು ತಳದಿಂದ ಕಲಸಿ, ಇಲ್ಲದಿದ್ದರೆ ಅರ್ಧ ಡೆಕ್ ಒಂದು ಬಣ್ಣ, ಉಳಿದರ್ಧ ಇನ್ನೊಂದು.

ಮೊದಲು ಹಲಗೆಗಳ ಕೊಯ್ದ ತುದಿಗೆ ಎರಡು ಮೂರು ಸಲ ಹಚ್ಚಿ, ಅಲ್ಲಿ ಮರ ಸ್ಟ್ರಾ ಹಾಗೆ ಕುಡಿಯುತ್ತದೆ. ಆಮೇಲೆ ದೂರದ ಮೂಲೆಯಿಂದ ಬಾಗಿಲ ಕಡೆ ಬನ್ನಿ. ಎರಡು ಮೂರು ಹಲಗೆ ಹಿಡಿದು ಈ ತುದಿಯಿಂದ ಆ ತುದಿವರೆಗೆ ಮುಗಿಸಿ, ಮಧ್ಯೆ ನಿಲ್ಲಿಸಿದರೆ ಗೆರೆ ಕೂರುತ್ತದೆ. ಸ್ಪ್ರೇ ಬೇಡ, ಬ್ರಶ್ಶೇ ಸರಿ. 15-20 ನಿಮಿಷದ ಮೇಲೆ ಮರ ಕುಡಿಯದೆ ಬಿಟ್ಟ ಎಣ್ಣೆಯನ್ನು ಬನಿಯನ್ ಬಟ್ಟೆಯಿಂದ ಒರೆಸಿ ತೆಗೆಯಿರಿ. ಹೊಳಪು ಉಳಿದರೆ ಎಣ್ಣೆ ಜಾಸ್ತಿಯಾಗಿದೆ ಅಂತ ಅರ್ಥ. ಎರಡನೇ ಕೋಟ್ ಮರ ಕೇಳಿದರೆ ಮಾತ್ರ.

ಈಗ ಆ ಒರೆಸಿದ ಬಟ್ಟೆ. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದು ಸಂಜೆ ಎಣ್ಣೆ ಬಟ್ಟೆಗಳನ್ನು ಮುದ್ದೆ ಮಾಡಿ ಸಿಮೆಂಟ್ ಚೀಲಕ್ಕೆ ತುರುಕಿ ನಮ್ಮ ಗೋಡೌನ್ ಮೂಲೆಗೆ ಎಸೆದಿದ್ದೆ. ರಾತ್ರಿ ಕೀಲಿ ಮರೆತು ವಾಪಸ್ ಹೋದಾಗ ಸುಟ್ಟ ವಾಸನೆ. ಚೀಲ ಮುಟ್ಟಿದರೆ ಕೈ ಸುಡುವಷ್ಟು ಬಿಸಿ, ಬಾಯಿಂದ ಹೊಗೆ. ಪಕ್ಕದಲ್ಲೇ ಐದು ಲೀಟರ್ ಥಿನ್ನರ್ ಇತ್ತು. ಬೆಂಕಿಕಡ್ಡಿ ಬೇಕಿಲ್ಲ. ಈ ಎಣ್ಣೆ ಒಣಗುವಾಗ ಕಾವು ಹುಟ್ಟುತ್ತದೆ, ಮುದ್ದೆಯೊಳಗಿನ ಕಾವು ಹೊರಗೆ ಹೋಗಲಾರದೆ ತಾನೇ ಹೊತ್ತಿಕೊಳ್ಳುತ್ತದೆ. ಅವತ್ತಿಂದ ಕೆಲಸದ ಜಾಗದಲ್ಲಿ ಮುಚ್ಚಳದ ತಗಡಿನ ಡಬ್ಬಿ, ಅದರ ತುಂಬ ನೀರು. ಬಟ್ಟೆ ಕೈಬಿಟ್ಟರೆ ಅದರೊಳಗೇ ಬೀಳಬೇಕು. ಇಲ್ಲವೇ ಒಂದೊಂದಾಗಿ ಬಿಡಿಸಿ ಹೊರಗೆ ತಂತಿ ಮೇಲೆ ಹರವಿ ಗಟ್ಟಿಯಾಗುವವರೆಗೆ ಒಣಗಿಸಿ.

ಒಪ್ಪಿಸುವಾಗ

ಒಂದು ದಿನ ಯಾರೂ ತುಳಿಯಬಾರದು, ಮೂರು ದಿನ ಕುಂಡ, ಕುರ್ಚಿ ಇಡಬಾರದು. ಕುಂಡಗಳ ಕೆಳಗೆ ಸಣ್ಣ ಕಾಲು ಕೊಡಿಸಿ, ತಟ್ಟೆ ನೇರ ಕೂತರೆ ಉಂಗುರದ ಹಾಗೆ ಕಪ್ಪು ಕಲೆ ಬೀಳುತ್ತದೆ. ಎಷ್ಟು ವರ್ಷ ಬರುತ್ತದೆ ಅಂತ ಕೇಳಿಯೇ ಕೇಳುತ್ತಾರೆ. ನಾನು ವರ್ಷದ ಗ್ಯಾರಂಟಿ ಕೊಡುವುದಿಲ್ಲ. ಪ್ರತಿ ದೀಪಾವಳಿಗೆ ನೀರಿನ ಹನಿ ಹಾಕಿ ನೋಡಿ, ಹೀರಿಕೊಂಡರೆ ಕರೆಯಿರಿ ಅನ್ನುತ್ತೇನೆ. ಆಗ ಕೀಳುವ ಗೋಜಿಲ್ಲ. ತೊಳೆದು, ಒಣಗಿಸಿ, ಒಂದು ಕೋಟ್ ಅಷ್ಟೇ, ಖರ್ಚೂ ಕಮ್ಮಿ.

ಉಳಿದ ಎಣ್ಣೆಯನ್ನು ಸಣ್ಣ ಡಬ್ಬಿಗೆ ಹಾಕಿ, ಬಣ್ಣದ ಹೆಸರು, ಹಚ್ಚಿದ ತಾರೀಖು ಬರೆದು ಮನೆಯವರಿಗೇ ಕೊಟ್ಟು ಬನ್ನಿ. ವಿದ್ಯಾನಗರದ ಯಜಮಾನರು ಆ ಡಬ್ಬಿ ಮೇಲೆ ನನ್ನ ಫೋನ್ ನಂಬರನ್ನೂ ತಾವೇ ಬರೆದುಕೊಂಡರು.